ಆಯಿ ಅಂದರೆ ಯಾವ ಆಯಿ

ಅಕ್ಕನ ಕುತ್ತಿಗೆಯಲ್ಲಿ ಗಂಟು ಇದೆ ಎಂದು ಮೊದಲು ಹೇಳಿದವಳು ನಮ್ಮ ಬ್ಲೌಸ್ ಹೊಲಿಯುವ ಹೆಂಗಸು. ಟೇಪು ಹಿಡಿದು ಅಳತೆ ತೆಗೆಯುವಾಗ ಕೈಗೆ ತಾಗಿತಂತೆ. ಅಕ್ಕ ಮನೆಗೆ ಬಂದವಳೇ ಕನ್ನಡಿಯ ಮುಂದೆ ನಿಂತು ಉಗುಳು ನುಂಗಿ ನುಂಗಿ ನೋಡಿಕೊಂಡಳು. ನುಂಗಿದಾಗಲೆಲ್ಲ ಗಂಟಲಿನ ಎಡಗಡೆ ಏನೋ ಒಂದು ಮೇಲೆ ಹೋಗಿ ಕೆಳಗೆ ಬರುತ್ತಿತ್ತು. ನಾನು ಆಗ ಕಾಲೇಜಿನ ಕೊನೆಯ ವರ್ಷದಲ್ಲಿದ್ದೆ. "ಅಡಕಿ ನುಂಗೀಯೇನ?" ಎಂದು ಚೇಷ್ಟೆ ಮಾಡಿದೆ. ಅಕ್ಕ ನಗಲಿಲ್ಲ.

ಇದು ತೊಂಬತ್ತರ ದಶಕದ ಮಾತು. ಪುಣೆಯ ಮಾರ್ಕೆಟ್ ಯಾರ್ಡಿನ ಹಿಂದೆ ಎರಡು ಖೋಲಿಯ ಮನೆ ನಮ್ಮದು. ಅಪ್ಪ ವಿಜಾಪುರದ ಕಡೆಯಿಂದ ಬಂದು ಬೆಲ್ಲದ ಅಡತಿ ಅಂಗಡಿಯಲ್ಲಿ ಗುಮಾಸ್ತನಾಗಿದ್ದವನು, ನಾನು ಸಣ್ಣವಳಿದ್ದಾಗಲೇ ತೀರಿಕೊಂಡಿದ್ದ. ಮನೆಯಲ್ಲಿ ಅವ್ವ, ಅಕ್ಕ, ನಾನು, ಮೂರೇ ಜನ. ಅಕ್ಕ ಚಿಂಚವಾಡದ ಒಂದು ಕಾರ್ಖಾನೆಯಲ್ಲಿ ಟೆಲಿಫೋನ್ ಆಪರೇಟರ್. ಅವಳ ದನಿ ಎಷ್ಟು ನಯವಾಗಿತ್ತೆಂದರೆ, ಸಾಹೇಬರು ಇಲ್ಲ ಎಂದು ಅವಳು ಹೇಳಿದರೆ ಫೋನು ಮಾಡಿದವರಿಗೆ ಸಾಹೇಬರು ಸಿಕ್ಕಷ್ಟೇ ಸಮಾಧಾನ ಆಗುತ್ತಿತ್ತು. ನನ್ನದು ಹಾಗಲ್ಲ. ನನಗೆ ಸಿಟ್ಟು ಮೂಗಿನ ತುದಿಯಲ್ಲೇ. ಅಪ್ಪನಿಂದ ಬಂದದ್ದು ಎನ್ನುತ್ತಿದ್ದರು.

ಅವ್ವ ಗಂಟನ್ನು ಮುಟ್ಟಿ ನೋಡಿ ತಕ್ಷಣ ತೀರ್ಪು ಕೊಟ್ಟಳು. "ಇದು ಉಪ್ಪಿನ ದೋಷ." ಗಳಗಂಡಕ್ಕೆ ಉಪ್ಪು ಬದಲಿಸಬೇಕು ಎಂದು ಟೀವಿಯಲ್ಲಿ ಹೇಳುತ್ತಿದ್ದರಲ್ಲ, ಅದು ಅವಳ ತಲೆಯಲ್ಲಿ ಕೂತಿತ್ತು. ಹರಳುಪ್ಪಿನ ಡಬ್ಬಿ ಹೊರಗೆ ಹೋಯಿತು, ಪುಡಿ ಉಪ್ಪಿನ ಪಾಕೀಟು ಬಂತು. ಮೊದಲ ವಾರ ಅಂದಾಜು ಸಿಗದೆ ಸಾರೆಲ್ಲ ಕಡಲಿನ ನೀರು. ಗಂಟು ಮಾತ್ರ ಇದ್ದಲ್ಲೇ ಇತ್ತು, ಇನ್ನೂ ಸ್ವಲ್ಪ ಗಟ್ಟಿ ಆಯಿತು.

"ಆಯಿಗೂ ಹಿಂಗ ಇತ್ತಲ್ಲ," ಎಂದು ಅವ್ವ ಒಂದು ದಿನ ಹಿಟ್ಟು ನಾದುತ್ತ ಹೇಳಿದಳು. ಆಯಿ ಅಂದರೆ ನಮ್ಮ ಅಪ್ಪನ ತಾಯಿ. ಅವಳ ಕುತ್ತಿಗೆಯಲ್ಲಿ ನಿಂಬೆಕಾಯಿಯಷ್ಟು ಗಂಟು ಇತ್ತು, ಅದನ್ನು ಸೆರಗಿನಿಂದ ಮುಚ್ಚಿಕೊಳ್ಳುತ್ತಿದ್ದಳು ಎಂಬುದಷ್ಟು ನನಗೆ ಮಸುಕಾಗಿ ನೆನಪಿದೆ. ಕೊನೆಗೆ ತಿಂದದ್ದು ಹೊಟ್ಟೆಯಲ್ಲಿ ನಿಲ್ಲದೆ ಸೊರಗಿ ಸತ್ತಳು. ಅವ್ವನೂ ತನ್ನ ಅತ್ತೆಯನ್ನು ನಮ್ಮ ಹಾಗೆಯೇ ಆಯಿ ಎಂದು ಕರೆಯುತ್ತಿದ್ದಳು. ಮನೆಗೆ ಸೊಸೆಯಾಗಿ ಬಂದಾಗ ಅವ್ವನಿಗೆ ಹದಿನೈದೋ ಹದಿನಾರೋ. ತನ್ನ ತಾಯಿಯ ಮುಖವನ್ನು ಅವಳು ನೋಡಿಯೇ ಇರಲಿಲ್ಲ.

ಉಪ್ಪಿನ ಮೇಲೆ ನನಗೆ ನಂಬಿಕೆ ಹೋಯಿತು. ಬಾಯಿಗೆ ಬಂದಂತೆ ಬೈದು ಇಬ್ಬರನ್ನೂ ದೊಡ್ಡ ಆಸ್ಪತ್ರೆಗೆ ಎಳೆದುಕೊಂಡು ಹೋದೆ. ಸೂಜಿ ಹಾಕಿ ತೆಗೆದರು, ನೋಡಿದರು, ಥೈರಾಯ್ಡಿನ ಕ್ಯಾನ್ಸರ್ ಅಂದರು. ಅದರಲ್ಲೂ ಮಾಮೂಲಿನದಲ್ಲ, ಮೆಡುಲ್ಲರಿ ಅನ್ನುವ ಅಪರೂಪದ ಜಾತಿ. ಕ್ಯಾನ್ಸರಿನಲ್ಲೂ ಜಾತಿ ಇದೆ ಎಂದು ನನಗೆ ಅವತ್ತೇ ಗೊತ್ತಾದದ್ದು. ಅಕ್ಕನ ಗ್ರಂಥಿಯನ್ನು ಪೂರ್ತಿ ತೆಗೆದರು. ಗಂಟು ದನಿಯ ನರಕ್ಕೆ ಅಂಟಿಕೊಂಡಿತ್ತು, ನರವನ್ನು ಉಳಿಸಲು ಆಗಲಿಲ್ಲ. ಎಚ್ಚರ ಆದಾಗ ಅಕ್ಕನ ಬಾಯಿಂದ ಬಂದದ್ದು ಗಾಳಿ. ಆಮೇಲೆ ಎಷ್ಟೋ ತಿಂಗಳಿಗೆ ಸ್ವಲ್ಪ ದನಿ ಕೂಡಿತು, ಒಡಕು ದನಿ. ಕಾರ್ಖಾನೆಯವರು ಅವಳನ್ನು ಟೆಲಿಫೋನಿನಿಂದ ತೆಗೆದು ಟಪಾಲು ವಿಭಾಗದಲ್ಲಿ ಕೂರಿಸಿದರು.

ಅಕ್ಕ ಇನ್ನೂ ವಾರ್ಡಿನಲ್ಲಿದ್ದಾಗ ಡಾಕ್ಟರು ಅವ್ವನನ್ನು ತಮ್ಮ ಕೋಣೆಗೆ ಕರೆದರು. ಸದಾಶಿವ ಪೇಠೆಯ ಕಡೆಯ ಚೊಕ್ಕ ಮರಾಠಿ ಆಡುವ ಹೆಂಗಸು ಅವರು, ನಮ್ಮ ಅಕ್ಕನಿಗಿಂತ ಹತ್ತು ವರ್ಷ ದೊಡ್ಡವರಿರಬೇಕು, ಅಷ್ಟೆ. ನನಗೆ ಅವತ್ತು ಪರೀಕ್ಷೆ ಇತ್ತು. ಸಂಜೆ ಬಂದಾಗ ಅವ್ವ ವಾರ್ಡಿನ ಬಾಗಿಲಲ್ಲಿ ಹೆಮ್ಮೆಯಿಂದ ನಿಂತಿದ್ದಳು.

"ಭಾಳ ಕೇಳಿದ್ರು. ಮನ್ಯಾಗ ಯಾರಿಗರೆ ಇತ್ತೇನು ಅಂದ್ರು. ಆಯಿಗಿತ್ತು ಅಂತ ಹೇಳ್ದೆ."

"ಮರಾಠಿಯೊಳಗ ಹೇಳಿದಿ?"

"ಮತ್ತ? 'ಆಈಲಾ ಹೋತೀ ಗಾಠ' ಅಂದೆ. ತಿಳೀತು ಅವರಿಗೆ. ಮನ್ಯಾಗಿನ ಮಂದಿಗೆಲ್ಲಾ ಒಂದೊಂದು ಚೌಕ, ದುಂಡಗ ಬರದ್ರು, ರಂಗೋಲಿ ಹಾಕಿಧಂಗ."

ಅವ್ವನ ಮರಾಠಿ ಕಾಯಿಪಲ್ಲೆ ಮಾರುಕಟ್ಟೆಯ ಮರಾಠಿ. ಅಷ್ಟರಲ್ಲಿ ಡಾಕ್ಟರರ ಜೊತೆ ಇಷ್ಟು ಮಾತಾಡಿದ್ದಾಳಲ್ಲ ಎಂದು ನನಗೂ ಖುಷಿಯಾಯಿತು. ಆಯಿಗೆ ಗಂಟು ಇದ್ದದ್ದು ನಿಜ, ಅದನ್ನೇ ಹೇಳಿದ್ದಾಳೆ. ಅದರಲ್ಲಿ ನನಗೆ ಏನೂ ಹುಳುಕು ಕಾಣಲಿಲ್ಲ.

ಆಮೇಲೆ ಡಾಕ್ಟರು ಅವ್ವನ ಕುತ್ತಿಗೆಯನ್ನೇ ಒತ್ತಿ ನೋಡಿದರು, ಸೋನೋಗ್ರಫಿ ಮಾಡಿಸಿದರು, ರಕ್ತ ತೆಗೆದು ಮುಂಬಯಿಗೆ ಕಳಿಸಿದರು. ಯಾಕೆ ಅವ್ವನದು ಎಂದು ನಾವು ಕೇಳಲಿಲ್ಲ. ಮಗಳಿಗೆ ಬಂದಿದೆ, ತಾಯಿಯನ್ನು ನೋಡುತ್ತಿದ್ದಾರೆ, ಅಷ್ಟೇ ತಿಳಿದದ್ದು. ಅವ್ವನ ರಿಪೋರ್ಟು ಚೊಕ್ಕಟ ಬಂತು. ಡಾಕ್ಟರು ನಗುತ್ತ ಹೇಳಿದರು: ಈ ರೋಗ ಕೆಲವು ಮನೆತನಗಳಲ್ಲಿ ತಲೆಮಾರಿನಿಂದ ತಲೆಮಾರಿಗೆ ಇಳಿಯುತ್ತದೆ. ಆದರೆ ನಡುವೆ ಒಬ್ಬರನ್ನು ಬಿಟ್ಟು ಹಾರುವುದಿಲ್ಲ. ತಾಯಿಗೆ ಈ ವಯಸ್ಸಿನಲ್ಲೂ ಏನೂ ಇಲ್ಲ ಅಂದಮೇಲೆ ಅಜ್ಜಿಯದು ಸಾದಾ ಗಳಗಂಡ ಇದ್ದೀತು. ದೊಡ್ಡ ಮಗಳದು ಅವಳಿಗೆ ಮಾತ್ರ ಬಂದದ್ದು. ಸಣ್ಣವಳು ಚಿಂತೆ ಮಾಡಬೇಕಾಗಿಲ್ಲ.

ಸಣ್ಣವಳು ಅಂದರೆ ನಾನು. ನಾನು ಚಿಂತೆ ಮಾಡಲಿಲ್ಲ. ಡಿಗ್ರಿ ಮುಗಿಯಿತು, ಮದುವೆಯಾಯಿತು. ತಳೇಗಾಂವ ದಾಭಾಡೆಯ ಕಾರ್ಖಾನೆಯಲ್ಲಿ ಪಾಳಿಯ ಮೇಲೆ ಕೆಲಸ ಮಾಡುವ ಗಂಡ. ಅವನ ಕೆಲಸಕ್ಕೂ ಅಕ್ಕನ ಕೆಲಸಕ್ಕೂ ಹತ್ತಿರ ಆಗಲಿ ಎಂದು ವಾಕಡದಲ್ಲಿ ಮನೆ ಮಾಡಿದೆವು. ಆಗ ಅಲ್ಲಿ ಕಟ್ಟಡಗಳಿಗಿಂತ ಕಬ್ಬೇ ಜಾಸ್ತಿ ಇತ್ತು. ಮಗಳು ಹುಟ್ಟಿದಳು. ಅವಳನ್ನು ನೋಡಿಕೊಳ್ಳಲು ಅವ್ವ ನಮ್ಮ ಮನೆಗೇ ಬಂದಳು, ಅಕ್ಕ ಹತ್ತಿರದಲ್ಲೇ ಒಂದು ಖೋಲಿ ಹಿಡಿದಳು. ಮಗಳು ಅವ್ವನನ್ನು ಆಯಿ ಎಂದು ಕರೆಯತೊಡಗಿದಳು. ನನ್ನನ್ನು ಅವ್ವ ಎಂದಳು. ನಮ್ಮ ಕಡೆ ಹಾಗೇ, ಯಾರೂ ಕಲಿಸಲಿಲ್ಲ.

ಮಗಳು ಎರಡನೇ ಇಯತ್ತೆಯಲ್ಲಿದ್ದಾಗ ಅವ್ವ ಬಚ್ಚಲಲ್ಲಿ ಜಾರಿ ಬಿದ್ದು ಮುಂಗೈ ಮುರಿದುಕೊಂಡಳು. ಮರುದಿನವೋ ಅದರ ಮರುದಿನವೋ ನಾನು ಶಾಲೆಯ ಗೇಟಿನಲ್ಲಿ ಮಗಳಿಗೆ ಕಾಯುತ್ತ ನಿಂತಿದ್ದೆ. ಅವಳ ಟೀಚರು ಓಡುತ್ತ ಬಂದು ನನ್ನ ಕೈಯನ್ನೇ ನೋಡಿದರು. ಎಡಗೈ ನೋಡಿದರು, ಬಲಗೈ ನೋಡಿದರು. ಎರಡೂ ನೆಟ್ಟಗಿದ್ದವು, ಒಂದರಲ್ಲಿ ಕೊತ್ತಂಬರಿ ಕಟ್ಟು ಇತ್ತು.

"ನಿಮ್ಮ ಕೈ ಮುರಿದಿದೆ ಅಂತ ಹೇಳಿದಳಲ್ಲ," ಎಂದರು ಮರಾಠಿಯಲ್ಲಿ. ಮಗಳು ಕ್ಲಾಸಿನಲ್ಲಿ ಎದ್ದು ನಿಂತು 'ಆಈ ಪಡಲೀ, ಹಾತ ಮೋಡಲಾ' ಅಂದಿದ್ದಳಂತೆ. ಮರಾಠಿಯಲ್ಲಿ ಆಈ ಅಂದರೆ ತಾಯಿ. ನನಗೆ ನಗು ತಡೆಯಲಾಗಲಿಲ್ಲ. ಅಲ್ಲಾ ಟೀಚರ್, ನಮ್ಮ ಭಾಷೆಯಲ್ಲಿ ಆಯಿ ಅಂದರೆ ಅಜ್ಜಿ, ಅವಳು ಅಜ್ಜಿಯನ್ನು ಮನೆಯಲ್ಲಿ ಕರೆಯುವ ಹಾಗೇ ಇಲ್ಲೂ ಹೇಳಿದ್ದಾಳೆ ಎಂದು ಬಿಡಿಸಿ ಹೇಳಿದೆ. ಟೀಚರೂ ನಕ್ಕರು. ನಕ್ಕು, ಸುಮ್ಮನೆ ಮಾತಿಗೆ ಕೇಳಿದರು: "ಯಾವ ಅಜ್ಜಿ? ತಾಯಿಯ ತಾಯಿಯೋ, ತಂದೆಯ ತಾಯಿಯೋ?"

ಮಗಳ ಕೈ ಹಿಡಿದುಕೊಂಡೆ, ಏನು ಉತ್ತರ ಕೊಟ್ಟೆನೋ ಗೊತ್ತಿಲ್ಲ. ದಾರಿಯುದ್ದಕ್ಕೂ ನನ್ನ ಕಿವಿಯಲ್ಲಿ ಅವ್ವನ ಮರಾಠಿ ಒಂದೇ ಕೇಳುತ್ತಿತ್ತು. ಆಈಲಾ ಹೋತೀ ಗಾಠ. ಆ ಡಾಕ್ಟರು ಏನು ಕೇಳಿಸಿಕೊಂಡಿರಬೇಕು? ನನ್ನ ತಾಯಿಗೆ ಗಂಟು ಇತ್ತು, ಅಂತ. ಅಂದರೆ ಅವ್ವನ ಹೆತ್ತ ತಾಯಿಗೆ. ಅದಕ್ಕೇ ಅವ್ವನ ಕುತ್ತಿಗೆ ಒತ್ತಿದರು, ಅವ್ವನ ರಕ್ತ ತೆಗೆದರು. ಆಯಿಯ ರಕ್ತ ಅವ್ವನಲ್ಲಿ ಎಲ್ಲಿಂದ ಬರಬೇಕು? ಅದು ಅಪ್ಪನಲ್ಲಿತ್ತು. ಅಪ್ಪನನ್ನು ಯಾರೂ ಕೇಳಲಿಲ್ಲ, ಕೇಳಲು ಅವನು ಇರಲೂ ಇಲ್ಲ.

ಅದೇ ಡಾಕ್ಟರನ್ನು ಹುಡುಕಿಕೊಂಡು ಹೋದೆ. ಕೂದಲು ಬೆಳ್ಳಗಾಗಿತ್ತು. ನಾನು ಹೇಳಿದ್ದನ್ನು ಎರಡು ಸಲ ಹೇಳಿಸಿದರು. ಆಮೇಲೆ ಚಷ್ಮಾ ತೆಗೆದು ಮೇಜಿನ ಮೇಲಿಟ್ಟು, "ಆಈ ಅಂತ ಕೇಳಿದ ಮೇಲೆ ಬೇರೆ ಏನು ಕೇಳಬೇಕು ಅಂತ ನನಗೆ ಹೊಳೆಯಲೇ ಇಲ್ಲ," ಎಂದರು. ಅಪ್ಪ ಹೇಗೆ ತೀರಿಕೊಂಡ ಎಂದು ಕೇಳಿದರು. ಅಂಗಡಿಯಲ್ಲಿ ಹಮಾಲನ ಜೊತೆ ಜಗಳ ಆಡುತ್ತ ಆಡುತ್ತ ಬಿದ್ದ ಎಂದೆ. ತಲೆನೋವು ಇತ್ತೇ, ಇದ್ದಕ್ಕಿದ್ದಂತೆ ಬೆವರುತ್ತಿದ್ದರೇ, ಮುಖ ಬಿಳಿಚಿಕೊಳ್ಳುತ್ತಿತ್ತೇ ಎಂದು ಕೇಳಿದರು. ಎಲ್ಲಾ ಇತ್ತು. ನಾವು ಅದಕ್ಕೆ ಅಪ್ಪನ ಸಿಟ್ಟು ಅನ್ನುತ್ತಿದ್ದೆವು. ಈ ಮನೆತನದ ರೋಗದ ಜೊತೆ ಕಿಡ್ನಿಯ ಮೇಲಿನ ಒಂದು ಸಣ್ಣ ಗ್ರಂಥಿಯಲ್ಲೂ ಗಡ್ಡೆ ಏಳಬಹುದು, ಅದು ರಕ್ತದೊತ್ತಡವನ್ನು ಹೀಗೆ ಎಬ್ಬಿಸುತ್ತದೆ, ಆದರೆ ಇಷ್ಟು ವರ್ಷದ ಮೇಲೆ ಏನೂ ಹೇಳಲಾಗದು ಎಂದರು. ನನಗೆ ತಲೆ ಕೆಟ್ಟುಹೋಯಿತು. ನಮ್ಮಪ್ಪ ಸಿಟ್ಟಿನ ಮನುಷ್ಯನೇ ಆಗಿರಲಿಲ್ಲವೇನೋ. ಹಾಗಾದರೆ ನನ್ನ ಸಿಟ್ಟು ಯಾರದು?

ಈಗ ರಕ್ತದಲ್ಲೇ ಈ ರೋಗದ ಜೀನು ನೋಡುವ ಪರೀಕ್ಷೆ ಬಂದಿದೆ ಎಂದರು. ಮೊದಲು ಅಕ್ಕನದು ಕಳಿಸಿದರು. ಇತ್ತು. ಹಾಗಾದರೆ ನನಗೂ ಇರುವ ಸಾಧ್ಯತೆ ಅರ್ಧ ಎಂದರು. ಮನೆಗೆ ಬಂದು ಅವ್ವನಿಗೆ ಹೇಳಿದೆ.

"ಅರ್ಧ ಅಂದ್ರ? ಎಡಕೋ ಬಲಕೋ?"

"ಹಂಗಲ್ಲವ್ವಾ. ಇದ್ರ ಪೂರ್ತಿ ಇರ್ತದ, ಇಲ್ಲಂದ್ರ ಪೂರ್ತಿ ಇಲ್ಲ."

"ಮತ್ತ ಅರ್ಧ ಯಾಕಂದ್ರು?"

ನನಗೂ ಗೊತ್ತಿರಲಿಲ್ಲ. ಡಾಕ್ಟರ ಮುಂದೆ ಕೂತಾಗ ತಿಳಿದ ಹಾಗೆ ಆಗುತ್ತಿತ್ತು, ಮೆಟ್ಟಿಲು ಇಳಿಯುವಷ್ಟರಲ್ಲಿ ಕಲಸಿಹೋಗುತ್ತಿತ್ತು. ನನಗೆ ಅರ್ಧ, ಮಗಳಿಗೆ ಅದರ ಅರ್ಧ. ನನಗೆ ಇದೆ ಎಂದಾದರೆ ಮಗಳಿಗೆ ಮತ್ತೆ ಅರ್ಧ. ಆಯಿಗೆ ಇತ್ತು, ಅಪ್ಪನಿಗೆ ಬಂತು, ಅಕ್ಕನಿಗೆ ಬಂತು. ಇಷ್ಟು ಸಲ ಬಂದಮೇಲೆ ಒಂದು ಸಲ ತಪ್ಪಲೇಬೇಕಲ್ಲ ಎಂದು ಕೇಳಿದೆ. ಇಲ್ಲ, ಪ್ರತಿ ಸಲವೂ ಹೊಸದಾಗಿ ಅರ್ಧವೇ ಎಂದರು ಡಾಕ್ಟರು. ಇದೆಂಥ ಲೆಕ್ಕವೋ ಏನೋ.

ನನ್ನದು ಬಂತು. ಇತ್ತು. ಕುತ್ತಿಗೆಯ ಸೋನೋಗ್ರಫಿಯಲ್ಲಿ ಎರಡು ಸಣ್ಣ ಗಂಟು, ಕೈಗೆ ಸಿಗದಷ್ಟು ಸಣ್ಣವು. ರಕ್ತದಲ್ಲಿ ಈ ರೋಗದ ಗುರುತು ಹೇಳುವ ಅಂಶದ ಪ್ರಮಾಣ ಏರಿತ್ತು. ಕಿಡ್ನಿಯ ಮೇಲಿನ ಗ್ರಂಥಿ ಮಾತ್ರ ಸರಿಯಾಗಿದೆ ಎಂದರು. ಅಂದರೆ ಸಿಟ್ಟು ನನ್ನದೇ. ನಾನು ಅಳಲಿಲ್ಲ, ಹೆದರಲೂ ಇಲ್ಲ. ಯಾಕೆಂದರೆ ಅಷ್ಟರಲ್ಲಿ ಮಗಳ ರಕ್ತ ಪರೀಕ್ಷೆಗೆ ಹೋಗಿತ್ತು. ಅದು ಬರುವವರೆಗೆ ನನ್ನ ಕುತ್ತಿಗೆ ನನ್ನದು ಎಂದೇ ನೆನಪಿರಲಿಲ್ಲ.

ಮಗಳಿಗೂ ಇತ್ತು.

ಆ ಹುಡುಗಿಯ ಕುತ್ತಿಗೆಯಲ್ಲಿ ಏನೂ ಇರಲಿಲ್ಲ. ನಾನು ದಿನಾ ಜಡೆ ಹಾಕುವಾಗ ಕೈಯಾಡಿಸಿ ನೋಡುತ್ತಿದ್ದೆ, "ಕಚಗುಳಿ ಮಾಡಬ್ಯಾಡ ಅವ್ವಾ," ಎಂದು ಕೊಸರುತ್ತಿದ್ದಳು. ಊಟ ಮಾಡುತ್ತಿದ್ದಳು, ಓಡುತ್ತಿದ್ದಳು, ಹೋಮ್‌ವರ್ಕಿಗೆ ಕೂತರೆ ಸುಳ್ಳು ಹೊಟ್ಟೆನೋವು. ಇಂಥ ಕೂಸಿನ ಗ್ರಂಥಿಯನ್ನು ಈಗಲೇ ತೆಗೆಯಬೇಕು ಎಂದರು ಡಾಕ್ಟರು. ರೋಗ ಬಂದಮೇಲೆ ಅಲ್ಲ, ಬರುವ ಮೊದಲು. ಬಂದೇ ಬರುತ್ತದೆಯೇ ಎಂದು ಕೇಳಿದೆ. ಬಹುಮಟ್ಟಿಗೆ ಬಂದೇ ಬರುತ್ತದೆ, ಯಾವಾಗ ಎಂದು ಹೇಳಲಾಗದು ಎಂದರು. ತೆಗೆದರೆ ದನಿಯ ನರಕ್ಕೆ ಏಟಾಗುವ ಅಪಾಯವೂ ಇದೆ, ಕಡಿಮೆ, ಆದರೆ ಇದೆ ಎಂದರು. ಗಂಡ ಪಾಳಿ ಬಿಟ್ಟು ಬಂದು ನನ್ನ ಪಕ್ಕ ಕೂತಿದ್ದ. ಅವನು ಕೇಳಿದ್ದು ಒಂದೇ ಮಾತು: "ಈಕಿಗೆ ಈಗ ರೋಗ ಅದನೋ ಇಲ್ಲೋ?" ಅದನ್ನು ನಾನು ಮರಾಠಿಯಲ್ಲಿ ಕೇಳಿದೆ. ಡಾಕ್ಟರು ಹೌದು ಅನ್ನಲಿಲ್ಲ, ಇಲ್ಲ ಅನ್ನಲೂ ಇಲ್ಲ.

ಅವ್ವ ಕಡ್ಡಿ ತುಂಡು ಮಾಡಿದ ಹಾಗೆ ಬೇಡ ಅಂದಳು. ಪ್ಲಾಸ್ಟರು ಬಿಚ್ಚಿದ ಕೈಯನ್ನು ಎದೆಗೆ ಒತ್ತಿಕೊಂಡು, "ಏನೂ ಆಗಲಾರದ ಕೂಸಿನ ಕುತ್ತಿಗಿ ಕೊಯ್ಸ್ತೀಯೇನ? ತಾಯಿ ಇದ್ದೀಯೋ ಏನ್ ಇದ್ದೀ?" ಎಂದಳು. ಇದೆಲ್ಲ ಯಾರ ಒಂದು ಶಬ್ದದಿಂದ ಎಂದು ಹೇಳಿಬಿಡಲು ನಾಲಿಗೆಯ ತುದಿಯವರೆಗೆ ಬಂದಿತ್ತು. ಹೇಳಲಿಲ್ಲ. ಅವಳಿಗೆ ಯಾರೂ ಹೇಳಿರಲಿಲ್ಲ. ಅವಳು ದಿನಕ್ಕೊಂದು ಸಲ, ತನಗೇ ಇಲ್ಲದ್ದು ನಮಗೆ ಎಲ್ಲಿಂದ ಬಂತು ಎಂದು ಕೇಳುತ್ತಿದ್ದಳು, ನಾನು ಅಪ್ಪನ ಕಡೆಯಿಂದ ಎಂದಷ್ಟೇ ಹೇಳಿ ಸುಮ್ಮನಾಗುತ್ತಿದ್ದೆ.

ಆ ರವಿವಾರ ಅಕ್ಕ ಬಂದಿದ್ದಳು. ಒಡಕು ದನಿ ಆದಮೇಲೆ ಅವಳು ಮಾತು ಕಡಿಮೆ ಮಾಡಿದ್ದಳು, ಮದುವೆ ಬೇಡವೆಂದಿದ್ದಳು. ನಾನೂ ಅವ್ವನೂ ಒಬ್ಬರ ಮೇಲೊಬ್ಬರು ಒದರಾಡುತ್ತಿರುವಾಗ ಅವಳು ಬಟಾಣಿ ಸುಲಿಯುತ್ತ ಕೂತಿದ್ದಳು. ಬುಟ್ಟಿ ಪಕ್ಕಕ್ಕಿಟ್ಟು, "ಒಂದೀಟ ಸುಮ್ಮಕಿರ್ರಿ," ಎಂದಳು. ನಾವು ಸುಮ್ಮನಾಗಲೇಬೇಕು, ಇಲ್ಲದಿದ್ದರೆ ಅವಳ ದನಿ ಕೇಳುವುದಿಲ್ಲ.

"ನಾ ಈಕೀ ಅಷ್ಟಿದ್ದಾಗ ನನ್ನ ಯಾರರೆ ಕೇಳಿದ್ರ," ಎಂದಳು, ನಡುವೆ ಉಸಿರು ತಗೊಂಡಳು, "ನಾ ಕೊಟ್ಟಬಿಡ್ತಿದ್ನಿ."

ಅವ್ವ ಮತ್ತೆ ಬೇಡ ಅನ್ನಲಿಲ್ಲ.

ಮೊದಲು ನನ್ನದಾಯಿತು, ಬೇಸಿಗೆ ರಜೆಯಲ್ಲಿ ಮಗಳದು. ಅವಳನ್ನು ಒಳಗೆ ಒಯ್ದಾಗ ನಾನು ಹೊರಗಿನ ಬೆಂಚಿನ ಮೇಲೆ ಕೂತು ದೇವರಿಗೆ ಏನು ಬೇಡಿಕೊಳ್ಳಬೇಕೋ ತಿಳಿಯದೆ ಕೂತಿದ್ದೆ. ತೆಗೆದ ಗ್ರಂಥಿಯಲ್ಲಿ ಏನೂ ಇರದಿರಲಿ ಎಂದು ಬೇಡಿಕೊಂಡರೆ ಸುಮ್ಮನೆ ಕೊಯ್ಸಿದ ಹಾಗಾಯಿತು. ಏನಾದರೂ ಇರಲಿ ಎಂದು ಯಾವ ತಾಯಿ ಬೇಡಿಕೊಳ್ಳುತ್ತಾಳೆ? ಕೊನೆಗೆ ದನಿ ಒಂದು ಉಳಿಯಲಿ ಎಂದೆ. ಎಚ್ಚರಾದ ಮಗಳು ನರ್ಸಿಗೆ ಸ್ವಚ್ಛ ಮರಾಠಿಯಲ್ಲಿ, ನನ್ನ ಕೈಗೆ ಹಾಕಿದ ಸೂಜಿ ತೆಗೀರಿ, ಇಲ್ಲಾಂದ್ರೆ ನಾನೇ ಕಿತ್ತು ಹಾಕ್ತೀನಿ ಎಂದು ಜಬರಿಸಿದಳು. ವಾರ್ಡಿಗೆಲ್ಲ ಕೇಳಿಸಿತು. ಅಕ್ಕ ಗೋಡೆಯ ಕಡೆ ಮುಖ ಮಾಡಿ ಅತ್ತಳು.

ಗ್ರಂಥಿಯಲ್ಲಿ ರೋಗದ ಚುಕ್ಕೆಗಳು ಸಿಕ್ಕವು. ಕಣ್ಣಿಗೆ ಕಾಣದ, ಸೂಕ್ಷ್ಮದರ್ಶಕಕ್ಕೆ ಮಾತ್ರ ಕಾಣುವ ಚುಕ್ಕೆಗಳು, ಅಷ್ಟು ಸಣ್ಣ ಹುಡುಗಿಯಲ್ಲಿ. ಗ್ರಂಥಿಯ ಹೊರಗೆ ಹೋಗಿರಲಿಲ್ಲ. ವೇಳೆಗೆ ಸರಿಯಾಗಿ ತಂದಿರಿ ಎಂದರು ಡಾಕ್ಟರು. ನನಗೆ ಕುಣಿಯಬೇಕು ಅನ್ನಿಸಿತು, ಗೋಡೆಗೆ ತಲೆ ಚಚ್ಚಿಕೊಳ್ಳಬೇಕು ಅಂತಲೂ ಅನ್ನಿಸಿತು. ಎರಡೂ ಒಟ್ಟಿಗೆ.

ದೀಪಾವಳಿಯ ಹೊತ್ತಿಗೆ ಇಬ್ಬರ ರಕ್ತದಲ್ಲೂ ಆ ಗುರುತಿನ ಪ್ರಮಾಣವನ್ನು ಮತ್ತೆ ನೋಡಿದರು. ಮಗಳದು ಏನೂ ಇಲ್ಲ, ಸೊನ್ನೆ. ನನ್ನದು ಇಳಿದಿತ್ತು, ಸೊನ್ನೆ ಆಗಿರಲಿಲ್ಲ. ಎಲ್ಲೋ ಸ್ವಲ್ಪ ಉಳಿದಿದೆ, ಎಲ್ಲಿ ಎಂದು ಕಾಣುತ್ತಿಲ್ಲ, ನೋಡುತ್ತ ಇರೋಣ ಎಂದರು. ಅಕ್ಕನ ಜೊತೆಗೇ ನನ್ನದೂ ನೋಡಿದ್ದರೆ ಎಂದು ಕೇಳಿದೆ. ಡಾಕ್ಟರು ನನ್ನ ಮುಖ ನೋಡಿ, ಪೂರ್ತಿ ಹೋಗುತ್ತಿತ್ತು ಅನ್ನಿಸುತ್ತದೆ ಎಂದರು. ಸುಳ್ಳು ಹೇಳದಿದ್ದಕ್ಕೆ ಅವರ ಮೇಲೆ ಸಿಟ್ಟು ಬರಲಿಲ್ಲ. ಬೇರೆ ಎಲ್ಲರ ಮೇಲೂ ಬಂತು.

ಹೊರಗೆ ಅವ್ವ ಬೆಂಚಿನ ಮೇಲೆ ಕೂತಿದ್ದಳು. ಮಗಳು ಆಚೆ ತೂಕದ ಯಂತ್ರದ ಮೇಲೆ ಹತ್ತಿ ಇಳಿದು ಮಾಡುತ್ತಿದ್ದಳು.

"ಹುಡುಗೀದು?" ಎಂದಳು ಅವ್ವ.

"ಏನೂ ಇಲ್ಲ."

"ನಿಂದು?"

"ನೋಡೋಣ ಅಂದಾರ."

ಅವ್ವ ಸೆರಗಿನ ಅಂಚನ್ನು ಬೆರಳಿಗೆ ಸುತ್ತಿ ಬಿಚ್ಚಿ ಮಾಡಿದಳು. ಆಮೇಲೆ ನನ್ನ ಕಡೆ ನೋಡದೆ ಹೇಳಿದಳು: "ಅವತ್ತ ನಾ ಡಾಕ್ಟರ ಮುಂದ ನಮ್ಮ ಅತ್ತಿ ಅಂದಿದ್ರ ಸಾಕಿತ್ತಲಾ."

ಅವಳಿಗೆ ಯಾವಾಗ ತಿಳಿಯಿತೋ, ಹೇಗೆ ತಿಳಿಯಿತೋ. ಇಷ್ಟು ದಿನ ಒಳಗೆ ಅದುಮಿಟ್ಟ ಸಿಟ್ಟನ್ನು ಈಗ ಕಾರಿಬಿಡಬಹುದಿತ್ತು. ಬಾಯಿ ತೆರೆದೆ. ಬಂದದ್ದು ಬೇರೆ.

"ಅತ್ತಿ ಅಂದಿದ್ರ ಅವರು ಆತ್ಯಾ ಅಂತ ಕೇಳಿಸ್ಕೋತಿದ್ರವ್ವಾ. ಮರಾಠಿಯೊಳಗ ಆತ್ಯಾ ಅಂದ್ರ ಅಪ್ಪನ ಅಕ್ಕ-ತಂಗಿ. ನಿಮ್ಮಪ್ಪನ ತಂಗಿ ಅಂತ ತಿಳೀತಿದ್ರು. ನೀ ಹ್ಯಾಂಗ ಹೇಳಿದ್ರೂ ಅದು ನಿನ್ನ ತವರಮನಿಗೇ ಹೋಗ್ತಿತ್ತು."

ಅವ್ವ ಅದನ್ನು ಮನಸ್ಸಿನಲ್ಲಿ ತಿರುವಿ ನೋಡಿದಳು. "ಮತ್ತ ಏನನಬೇಕಿತ್ತು?"

"ಗಂಡನ ತಾಯಿಗೆ ಸಾಸು ಅನಬೇಕಿತ್ತು."

"ಆ ಶಬ್ದ ನಂಗ ಗೊತ್ತಿತ್ತು," ಎಂದಳು ಅವ್ವ. "ಬಾಯಾಗ ಬಂದಿತ್ತು. ಆದ್ರ ಆಕಿ ನನಗ ಯಾವತ್ತೂ ಸಾಸು ಆಗಿರ್ಲಿಲ್ಲ. ಸತ್ತಾಕೀಗೆ ಹಂಗ ಹ್ಯಾಂಗ ಅನ್ನೂದು ಅಂತ ನುಂಗಿದೆ."

ನಾನು ಅವಳ ಪಕ್ಕದಲ್ಲಿ ಕೂತೆ. ಮುರಿದು ಕೂಡಿದ ಅವಳ ಮುಂಗೈ ಸ್ವಲ್ಪ ಸೊಟ್ಟಗಾಗಿತ್ತು, ಅದನ್ನು ತೆಗೆದು ನನ್ನ ತೊಡೆಯ ಮೇಲೆ ಇಟ್ಟುಕೊಂಡೆ.